ರಾಟ್‌ವೀಲರ್ ದನ ಕಾಯುತ್ತಾ? ದನದ ಹಿಂದೆ ಬಿಡೋ ಮುಂಚೆ ಇದನ್ನ ತಿಳ್ಕೊಳ್ಳಿ

‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಇರೋ ಗೇಟಿನ ಹಿಂದೆ ಈಗ ಹೆಚ್ಚಾಗಿ ಕಾಣೋದು ರಾಟ್‌ವೀಲರ್. ಆದರೆ ಇದರ ಮೂಲ ಕಸುಬು ಮನೆ ಕಾಯೋದಷ್ಟೇ ಅಲ್ಲ, ದನ ಹೊಡೆಯೋದು.

ಜರ್ಮನಿಯ ರಾಟ್‌ವೀಲ್ ಪಟ್ಟಣ ಹಿಂದೆ ದನದ ವ್ಯಾಪಾರಕ್ಕೆ ಹೆಸರುವಾಸಿ. ಅಲ್ಲಿನ ಕಟುಕರು ಸಂತೆಗೆ ಜಾನುವಾರು ಹೊಡೆದುಕೊಂಡು ಹೋಗೋಕೆ, ಮಾಂಸದ ಗಾಡಿ ಎಳೆಸೋಕೆ ಈ ನಾಯಿ ಸಾಕುತ್ತಿದ್ದರು. ‘ಕಟುಕರ ನಾಯಿ’ ಅಂತಲೇ ಕರೀತಿದ್ದರು. 19ನೇ ಶತಮಾನದಲ್ಲಿ ರೈಲು ಬಂತು, ದನಗಳನ್ನು ರಸ್ತೆಯಲ್ಲಿ ಹೊಡೆಯೋದು ನಿಂತಿತು, ನಾಯಿಗೆ ಕೆಲಸ ಹೋಯ್ತು. 1910ರಲ್ಲಿ ಪೊಲೀಸ್ ನಾಯಿ ಅಂತ ಮಾನ್ಯತೆ ಸಿಕ್ಕಿದ ಮೇಲೆ ತಳಿ ಚೇತರಿಸಿಕೊಂಡಿತು. ಅಮೆರಿಕದಲ್ಲಿ ಇಂದಿಗೂ ಇದಕ್ಕೆ ದನ, ಕುರಿ ಅಟ್ಟುವ ಪರೀಕ್ಷೆ ನಡೆಸ್ತಾರೆ.

ಬಾರ್ಡರ್ ಕಾಲಿ ನಾಯಿ ದೂರದಲ್ಲಿ ಬಗ್ಗಿ, ದಿಟ್ಟಿಸಿ ನೋಡಿಯೇ ಕುರಿ ಸರಿಸುತ್ತೆ. ರಾಟ್‌ವೀಲರ್ ಹಾಗಲ್ಲ. ಹತ್ತಿರ ಹೋಗಿ ಎದೆ, ಭುಜ ಕೊಟ್ಟು ತಳ್ಳುತ್ತೆ. ಮೊಂಡು ಎತ್ತಿಗೆ ಇದು ಸರಿ. ಗಬ್ಬದ ಹಸುವಿಗೆ?

ಸಮಸ್ಯೆ ಇರೋದೇ ಇಲ್ಲಿ. ಈಗ ಮಾರಾಟಕ್ಕೆ ಸಿಗೋ ಮರಿಗಳಲ್ಲಿ ಹೆಚ್ಚಿನವು ಕಾವಲಿಗೆ, ಶೋಗೆ ಬೆಳೆಸಿದ ಸಾಲಿನವು. ತರಬೇತಿ ಇಲ್ಲದೆ ಬಿಟ್ಟರೆ ಅಟ್ಟೋದು ಹೋಗಿ ಅಟ್ಟಾಡಿಸೋದಾಗುತ್ತೆ. ಗಂಡು ನಾಯಿ ಸುಮಾರು 50 ಕೆ.ಜಿ. ತೂಗುತ್ತೆ. ಅಷ್ಟು ದೊಡ್ಡದು ಬೆನ್ನಟ್ಟಿದರೆ ಹಸು ಬೆದರಿ ಹಾಲು ಇಳಿಸೋದಿಲ್ಲ, ಬೇಲಿಗೆ ಬಿದ್ದು ಗಾಯ ಮಾಡಿಕೊಳ್ಳುತ್ತೆ. ಕೊಂಬಿನ ಹಳ್ಳಿಕಾರ್ ತಿರುಗಿ ನಿಂತರೆ ನಾಯಿಗೇ ಪೆಟ್ಟು.

ಮಾಡೋದಾದ್ರೆ ಮರಿಯಿದ್ದಾಗಲೇ ಕೊಟ್ಟಿಗೆ ವಾಸನೆ, ಕರು, ಗಂಟೆ ಸದ್ದು ಅಭ್ಯಾಸವಾಗಬೇಕು. ಮೊದಮೊದಲು ಉದ್ದ ಹಗ್ಗ ಕಟ್ಟಿಯೇ ದನದ ಹತ್ತಿರ ಒಯ್ಯಬೇಕು. ‘ನಿಲ್ಲು’ ಅಂದ ಕೂಡಲೇ ನಿಲ್ಲದ ನಾಯಿಯ ಹಗ್ಗ ಬಿಚ್ಚಲೇಬಾರದು. ಕಪ್ಪು ಮೈ, ಒಳಗೂದಲೂ ಇದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಓಡಿಸಿದರೆ ತಡೆಯೋದಿಲ್ಲ. ರೇಬಿಸ್ ಲಸಿಕೆ ತಪ್ಪಿಸೋ ಹಾಗೇ ಇಲ್ಲ. ಇನ್ನು ಎರಡು ಎಚ್‌ಎಫ್ ಹಸು ಕಟ್ಟಿ ಮೇಯಿಸೋರಿಗೆ ಅಟ್ಟೋ ಕೆಲಸವೇ ಇಲ್ಲ ಬಿಡಿ.

ಕಾನೂನಿನ ಮಾತು: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳ ನಿಷೇಧಕ್ಕೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಹೊಣೆ ತಪ್ಪಲ್ಲ. ಸಾಕುಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.