ಗಾಳಿ ಹೊತ್ತು ತಂದ ಹೆಂಚು

ಶಹಾಡ್ ಬಿಟ್ಟ ಕಸಾರಾ ಲೋಕಲ್ ಆಂಬಿವಲಿ ತಲುಪುವ ಮೊದಲು ಉಲ್ಹಾಸ್ ನದಿಯನ್ನು ದಾಟುತ್ತದೆ. ಕೆಳಗೆ ಕಾಣುವ ಆ ನೀರು ಕಲ್ಯಾಣದ ದುರ್ಗಾಡಿ ಕೋಟೆಯ ಬದಿಯಲ್ಲಿ ಹರಿದು, ವಸಾಯಿ ಖಾಡಿಯ ಮೂಲಕ ಕಡಲು ಸೇರುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಕಡಲ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಕಲ್ಯಾಣ ಬಂದರಿನ ಹೆಸರಿದೆ. 1657ರಲ್ಲಿ ಕಲ್ಯಾಣ, ಭಿವಂಡಿಗಳು ಕೈಸೇರಿದ ಮೇಲೆ ಶಿವಾಜಿ ತನ್ನ ನೌಕಾಪಡೆಯನ್ನು ಕಟ್ಟತೊಡಗಿದ್ದೂ ಈ ಖಾಡಿಯಲ್ಲೇ.

ಇಲ್ಲಿನ ಹಳೆಯ ಮನೆಗಳ ಮಾಡಿನತ್ತ ಕಣ್ಣೆತ್ತಿದರೆ ನಮ್ಮ ಕರಾವಳಿಯೂ ಕಾಣುತ್ತದೆ. ಕೆಂಪು ಹೆಂಚನ್ನು ಮರಾಠಿಗರು ಇಂದಿಗೂ ‘ಮಂಗಳೂರಿ ಕೌಲ್’ ಎನ್ನುತ್ತಾರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಇಂಥ ಹಲವು ಕಾರ್ಖಾನೆಗಳಿಗೆ ಜೀವ ಕೊಟ್ಟಿತು. 1907ರಲ್ಲಿ ಮಂಗಳೂರಿಗೆ ರೈಲು ಬಂತಾದರೂ ಅದು ಮಲಬಾರ್, ಮದರಾಸಿನ ಕಡೆಯದು. ಕರಾವಳಿಯಗುಂಟ ಮುಂಬಯಿಗೆ ಹಳಿ ಪೂರ್ಣಗೊಂಡದ್ದು 1998ರಲ್ಲಿ. ಹೆದ್ದಾರಿಯ ಲಾರಿ ಬರುವವರೆಗೆ ಹೆಂಚಿಗಿದ್ದ ನೇರ ದಾರಿ ಕಡಲು. ಹೊತ್ತು ತರುತ್ತಿದ್ದುದು ಹಾಯಿಯ ಮಂಜಿ.

ಮಂಜಿ ಎಂಬ ಹಡಗು

ಮಂಜಿ, ಪತ್ತೇಮಾರಿ: ಊರಿಗೊಂದು ಹೆಸರು. 1834ರಲ್ಲಿ ಜಾನ್ ಎಡೈ ಎಂಬ ಇಂಗ್ಲಿಷ್ ನೌಕಾತಜ್ಞ ದಾಖಲಿಸಿದ ದೊಡ್ಡ ಪತ್ತೇಮಾರಿಯ ಉದ್ದ ಸುಮಾರು 76 ಅಡಿ, ಹೊರೆ 200 ಟನ್. ಎರಡೋ ಮೂರೋ ಕೂವೆಮರಗಳು, ಅವೂ ಮುಂದಕ್ಕೆ ಬಾಗಿದವು. ಅವುಗಳಿಗೆ ಓರೆಯಾಗಿ ತೂಗುವ ಉದ್ದನೆಯ ಮರ, ಆ ಮರಕ್ಕೆ ಹೆಚ್ಚುಕಡಿಮೆ ತ್ರಿಕೋನದ ಹಾಯಿ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ತಳಕ್ಕೆ ಸುಣ್ಣ ಮತ್ತು ಎಣ್ಣೆ ಬಳಿಯುತ್ತಿದ್ದರು. ಹಡಗಿನ ಯಜಮಾನಿಕೆ ತಾಂಡೇಲನದು, ಹಗ್ಗ ಎಳೆಯುವವರು ಖಲಾಸಿಗಳು. ಗಂಗೊಳ್ಳಿ, ಹೊನ್ನಾವರ, ಕುಮಟೆಗಳ ಖಾರ್ವಿಗಳಿಗೆ ಈ ವಿದ್ಯೆ ತಲೆಮಾರುಗಳಿಂದ ಬಂದದ್ದು.

ಮಳೆಗಾಲದ ಕಡಲಿಗೆ ಮಂಜಿ ಇಳಿಯುತ್ತಿರಲಿಲ್ಲ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮುಗಿದು, ಕಡಲು ತಣಿದ ಮೇಲೆಯೇ ಪಯಣ. ಬಡಗಣದ ಮುಂಬಯಿಗೆ ಹೋಗುವುದು ಸುಲಭವಿರಲಿಲ್ಲ, ಏಕೆಂದರೆ ಮಧ್ಯಾಹ್ನದ ಕಡಲಗಾಳಿ ವಾಯವ್ಯದಿಂದ ಎದುರಿಗೇ ಬೀಸುತ್ತದೆ. ರಾತ್ರಿ ನೆಲದ ಕಡೆಯಿಂದ ಗಾಳಿ ಹೊರಟಾಗ ತಾಂಡೇಲ ಹಾಯಿ ಬಿಚ್ಚಿ ಉತ್ತರಕ್ಕೂ ಆಳಕ್ಕೂ ಸಾಗುತ್ತಿದ್ದ. ಮಧ್ಯಾಹ್ನದ ಗಾಳಿಯಲ್ಲಿ ಓರೆಯಾಗಿ ಮತ್ತೆ ದಡದತ್ತ ಬರುತ್ತಿದ್ದ. ಹೀಗೆ ಹಾವಿನ ನಡೆಯಲ್ಲಿ ಊರೂರು ದಾಟುವುದು. ಪ್ರತಿ ಸಲ ದಿಕ್ಕು ಬದಲಿಸುವಾಗ ಆ ಭಾರದ ಓರೆಮರವನ್ನು ಹಾಯಿಸಮೇತ ಕೂವೆಯ ಇನ್ನೊಂದು ಬದಿಗೆ ತರಬೇಕು. ಕತ್ತಲಲ್ಲಿ, ಓಲಾಡುವ ಅಟ್ಟದ ಮೇಲೆ ಬರಿಗೈಯ ಕೆಲಸ.

ದೈತ್ಯರು ಹೋದರು, ಮಂಜಿ ಉಳಿಯಿತು

ಅದೇ ಕಾಲದಲ್ಲಿ ಯುರೋಪಿನಲ್ಲಿ ಹಾಯಿಹಡಗು ತನ್ನ ಶಿಖರ ಮುಟ್ಟಿತ್ತು. 1902ರಲ್ಲಿ ಜರ್ಮನಿ ನೀರಿಗಿಳಿಸಿದ ‘ಪ್ರಾಯ್ಸನ್’ಗೆ ಐದು ಕೂವೆಮರ, ಚಿಲಿಯ ನೈಟ್ರೇಟ್ ತರುವುದು ಅದರ ಕಾಯಕ. 1910ರಲ್ಲಿ ಉಗಿಹಡಗೊಂದಕ್ಕೆ ಡಿಕ್ಕಿಯಾಗಿ ಡೋವರ್ ಬಳಿ ಅದು ಬಂಡೆಗೆ ಬಡಿದು ನಾಶವಾಯಿತು. 1869ರ ಸೂಯೆಜ್ ಕಾಲುವೆ, 1914ರ ಪನಾಮ ಕಾಲುವೆ ಎರಡೂ ಉಗಿಹಡಗಿಗೇ ಒಲಿದವು.

ನಮ್ಮ ಕರಾವಳಿಯಲ್ಲೂ ಸ್ಟೀಮರ್ ಬಂತು. ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಹೊರಟ ಹುಡುಗರು ಅದನ್ನೇ ಹತ್ತಿದರು. ಆದರೆ ಹೆಂಚಿಗೆ ಅವಸರವಿರಲಿಲ್ಲ. ನದಿಯ ಬಾಯಿಯ ಕಡಿಮೆ ನೀರಿನಲ್ಲೂ ತೇಲುವ, ಕಲ್ಲಿದ್ದಲು ಬೇಡದ ಮಂಜಿಯೇ ಅದಕ್ಕೆ ಸರಿ. ಹೀಗೆ ಮಹಾಸಾಗರದ ದೈತ್ಯರು ಮರೆಯಾದ ಮೇಲೂ ಮಂಜಿ ದಶಕಗಳ ಕಾಲ ಉಳಿಯಿತು. ಯಂತ್ರದ ದೋಣಿ, ಹೆದ್ದಾರಿಯ ಲಾರಿ ಬಂದಾಗಷ್ಟೇ ಅದರ ಹಾಯಿ ಇಳಿಯಿತು.

2025ರ ಮೇ ತಿಂಗಳಲ್ಲಿ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ ರೂಪಿಸಿದ ಹಡಗದು. ಮಂಜಿಯ ವಿದ್ಯೆಗೂ ಅಂಥ ಗೌರವ ಸಲ್ಲಬೇಕು.

ಕಲ್ಯಾಣ, ಡೊಂಬಿವಲಿಗಳಲ್ಲಿ ಹಳೆಯ ಚಾಳುಗಳು ಎತ್ತರದ ಕಟ್ಟಡಗಳಿಗೆ ಜಾಗ ಬಿಡುತ್ತಿವೆ. ಮಾಡು ಇಳಿಸುವಾಗ ಒಂದು ಹೆಂಚನ್ನು ಮಗುಚಿ ನೋಡಿ. ಕಾರ್ಖಾನೆಯ ಮುದ್ರೆ ಇದ್ದೀತು. ಅದನ್ನು ಇಲ್ಲಿಗೆ ತಂದ ತಾಂಡೇಲನ ಹೆಸರು ಮಾತ್ರ ಎಲ್ಲೂ ಅಚ್ಚಾಗಿಲ್ಲ. ಆ ಒಂದು ಹೆಂಚನ್ನಾದರೂ ಜೋಪಾನವಾಗಿ ಎತ್ತಿಡಿ.