ಎರೆಹೊಲದ ದಾರಿಗೆ ಎಂಥ ಟೈರು?

ಹೆಸರಿನ ಒಕ್ಕಣೆಯ ದಿನಗಳಲ್ಲಿ ಮಳೆ ಹಿಡಿದು, ಕಾಳು ಹೇರಿದ ಪಿಕಪ್ ಗಾಡಿ ಹೊಲದ ದಾರಿಯಲ್ಲೇ ಹೂತರೆ ನೆನೆದ ಕಾಳಿಗೆ ಬೂಸ್ಟು ಹಿಡಿಯುತ್ತದೆ. ನವಲಗುಂದ, ಕುಂದಗೋಳ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟೈರಿನ ಹಲ್ಲುಗಳು ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಮಣ್ಣು ಮೆತ್ತಿ, ಗಾಲಿ ನಿಂತಲ್ಲೇ ತಿರುಗುತ್ತದೆ. ಹಲ್ಲು ಆಳವಾಗಿದ್ದರೆ ಸಾಲದು, ಸಂದಿಯೂ ಅಗಲವಾಗಿರಬೇಕು. ಆಗ ತಿರುಗಿದಂತೆ ಮಣ್ಣು ಉದುರುತ್ತದೆ.

ಆದರೆ ಇಂಥ ಟೈರು ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಬೇಕು. ಹೆಚ್ಚಾಗಿ ಅಮರಗೋಳದ ಮಾರುಕಟ್ಟೆಗಷ್ಟೇ ಓಡುವ ಗಾಡಿಗೆ ಉದ್ದ ಗೀರಿನ ಟೈರೇ ಲೇಸು. ಎರಡೂ ಬೇಕೆನ್ನುವವರು ಮುಂದಿನ ಗಾಲಿಗೆ ಗೀರಿನದು, ಎಳೆಯುವ ಹಿಂದಿನ ಗಾಲಿಗೆ ಹಲ್ಲಿನದು ಹಾಕಿಸಿರಿ. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಮಾತ್ರ ಬೇರೆ ಬೇರೆ ಜಾತಿಯವು ಬೇಡ.

ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕಂಕಿ ಓದಿರಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು.