ಉದ್ದಕ್ಕೆ ಬೇಲಿ, ಅಗಲಕ್ಕೆ ಬಯಲು

ಹಿಂದೆ ನಾವು ಫಿಯೆಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಉದ್ದ 3.93 ಮೀಟರ್. ಇಂದಿನ ಟಾಟಾ ನೆಕ್ಸಾನ್ ಉದ್ದ 3.995 ಮೀಟರ್. ವ್ಯತ್ಯಾಸ ಆರೂವರೆ ಸೆಂಟಿಮೀಟರ್, ಅಷ್ಟೆ. ಇನ್ನು ಅಗಲ ನೋಡಿ: ಪದ್ಮಿನಿಯದು 1.46 ಮೀಟರ್, ನೆಕ್ಸಾನಿನದು 1.80. ಉದ್ದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ, ಅಗಲ ಒಂದಡಿಗೂ ಮಿಕ್ಕಿ ಬೆಳೆದಿದೆ.

ಒಂದಡಿ ಏನು ಮಹಾ ಎನ್ನುವವರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ಕಡೆ ಅಡ್ಡರಸ್ತೆಯ ಲೆಕ್ಕ ಹಾಕಬೇಕು. ಮೂವತ್ತಡಿ ರಸ್ತೆಯಲ್ಲಿ ಎರಡೂ ಬದಿಯ ಚರಂಡಿ, ಮನೆಮುಂದಿನ ಇಳಿಜಾರು ಕಳೆದು ಆರು ಮೀಟರ್ ಡಾಂಬರು ಉಳಿಯಿತೆನ್ನಿ. ಎರಡೂ ಅಂಚಿಗೆ ಒಂದೊಂದು ಮಾರುತಿ 800 ನಿಂತಿದೆ, ನಡುವೆ ಮೂರನೆಯದು ಹೋಗುತ್ತಿದೆ. ಒಂದರ ಅಗಲ 1.44 ಮೀಟರ್, ಮೂರೂ ಸೇರಿ 4.32. ಹೋಗುವ ಕಾರಿನ ಎಡಕ್ಕೂ ಬಲಕ್ಕೂ 84 ಸೆಂಟಿಮೀಟರ್ ಉಳಿಯುತ್ತದೆ, ಸ್ಕೂಟರೊಂದು ನುಸುಳುವಷ್ಟು. ಅದೇ ಜಾಗದಲ್ಲಿ ಮೂರು ಸ್ಕಾರ್ಪಿಯೊ-ಎನ್ ಇಡಿ. ಒಂದರ ಅಗಲ 1.917 ಮೀಟರ್. ಈಗ ಆಚೀಚೆ ಉಳಿಯುವುದು ಹನ್ನೆರಡು ಸೆಂಟಿಮೀಟರ್. ಕಂಪನಿಗಳು ಕೊಡುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಕನ್ನಡಿ ಮಡಚದೆ ದಾಟುವಂತಿಲ್ಲ. ಒಂದೊಂದು ವಾಹನವೂ ಒಂದೂವರೆ ಅಡಿ ಹೆಚ್ಚು ನುಂಗಿದರೆ ಇಡೀ ರಸ್ತೆಗೆ ಅದು ಮೂರು ಪಟ್ಟಾಗಿ ತಟ್ಟುತ್ತದೆ. ಸಣ್ಣ ಕಾರಿನ ಅಂದಾಜಿನಲ್ಲಿ ಕಟ್ಟಿಸಿದ ಪೋರ್ಟಿಕೊದೊಳಗೆ ದೊಡ್ಡ ಗಾಡಿ ಹೇಗೋ ತೂರಿದರೂ ಬಾಗಿಲು ತೆರೆಯಲು ಜಾಗವಿರದು. ಹಾಗಾಗಿ ಅದು ಗೇಟಿನ ಹೊರಗೇ ಉಳಿಯುತ್ತದೆ.

ಕಾರು ಪಕ್ಕಕ್ಕೆ ಬೆಳೆಯಲು ನಮ್ಮ ತೆರಿಗೆಯೂ ಒಂದು ಕಾರಣ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣದೆಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಒಳಗಿರಬೇಕು. 2017ರ ಜಿಎಸ್‌ಟಿ ಈ ಗೆರೆಯನ್ನು ಉಳಿಸಿಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ದರವೂ ಅಷ್ಟೆ: ಗೆರೆಯೊಳಗಿನ ಕಾರಿಗೆ ಶೇ 18, ದಾಟಿದ್ದಕ್ಕೆ ಶೇ 40. ಅಗಲದ ಮಾತು ಎಲ್ಲೂ ಇಲ್ಲ, ಎತ್ತರದ್ದೂ ಇಲ್ಲ. ಎಂಜಿನಿಯರುಗಳು ಮಾಡಿದ್ದು ಸರಳ ಕೆಲಸ: 3.995 ಮೀಟರಿಗೆ ಮೂತಿ ಮೊಟಕುಗೊಳಿಸಿ, ಒಳಗಿನ ಜಾಗವನ್ನು ಪಕ್ಕದಲ್ಲೂ ಮೇಲೂ ಹುಡುಕಿದರು.

ಉಳಿದದ್ದನ್ನು ಭೌತವಿಜ್ಞಾನ ಮಾಡಿತು. ನಮ್ಮವರಿಗೆ ಎತ್ತರದ ಗಾಡಿ ಬೇಕು. ಹಂಪ್‌ಗೆ ತಳ ತಾಗಬಾರದು, ಗುಂಡಿಗೆ ಅಂಜಬಾರದು, ಮಂಡಿನೋವಿನ ಹಿರಿಯರು ಬಗ್ಗದೆ ಹತ್ತಿ ಇಳಿಯಬೇಕು. ನ್ಯಾಯವಾದ ಬೇಡಿಕೆಗಳೇ. ಆದರೆ ಎತ್ತರ ಹೆಚ್ಚಿದಂತೆ ವಾಹನದ ಗುರುತ್ವಕೇಂದ್ರ ಮೇಲೇರುತ್ತದೆ. ಹುಲ್ಲು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ತಿರುವಿನಲ್ಲಿ ವಾಲುವುದು ಇದೇ ಕಾರಣಕ್ಕೆ. ಮಗುಚುವಿಕೆಯನ್ನು ಅಂದಾಜಿಸಲು ಎಂಜಿನಿಯರುಗಳ ಬಳಿ ಒಂದು ಸೂತ್ರವಿದೆ: ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಬಂದ ಸಂಖ್ಯೆ ದೊಡ್ಡದಿದ್ದಷ್ಟೂ ಗಾಡಿ ಭದ್ರ. ಗುರುತ್ವಕೇಂದ್ರ ಶೇ 10 ಮೇಲೇರಿದರೆ, ಭದ್ರತೆ ಕೆಡದಿರಲು ಚಕ್ರಗಳೂ ಶೇ 10 ದೂರ ಸರಿಯಬೇಕು. ಗುಂಡಿಬಿದ್ದ ರಸ್ತೆ ಎತ್ತರದ ಕಾರನ್ನು ಬೇಡುತ್ತದೆ, ಎತ್ತರ ಅಗಲವನ್ನು ಬೇಡುತ್ತದೆ, ಅಗಲ ಮತ್ತೆ ರಸ್ತೆಯನ್ನೇ ತಿನ್ನುತ್ತದೆ.

ಸುರಕ್ಷತೆಯ ಪಾಲೂ ಇದೆ. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಮುಂಭಾಗದ ಹಾಗೂ ಪಕ್ಕದ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. ಪಕ್ಕದ ಹೊಡೆತ ತಡೆಯಲು ಬಾಗಿಲೊಳಗೆ ಉಕ್ಕಿನ ತೊಲೆ ಬೇಕು, ಬಾಗಿಲಿಗೂ ಸೀಟಿಗೂ ನಡುವೆ ಒಂದಿಷ್ಟು ಅಂತರ ಬೇಕು. ಇದರಿಂದ ಜೀವಗಳು ಉಳಿಯುತ್ತವೆ, ಇದನ್ನು ದೂರುವಂತಿಲ್ಲ. ಆದರೆ ಬೆಳವಣಿಗೆ ಇಲ್ಲಿಗೂ ನಿಲ್ಲುವುದಿಲ್ಲ. ಹರಿಹರದಲ್ಲಿ ಲೇತ್ ತಯಾರಿಸಿ ಹೆಸರಾದ ಕಿರ್ಲೋಸ್ಕರ್ ಸಮೂಹ ಟೊಯೊಟಾ ಜೊತೆ ಕೈಜೋಡಿಸಿ ಬಿಡದಿಯಲ್ಲಿ ತಯಾರಿಸಿದ ಇನ್ನೋವಾ 2005ರಲ್ಲಿ ಸುಮಾರು 1.77 ಮೀಟರ್ ಅಗಲವಿತ್ತು. ಆಮೇಲಿನ ಇನ್ನೋವಾ ಕ್ರಿಸ್ಟಾ 1.83ಕ್ಕೆ ಹೋಯಿತು, ಇನ್ನೋವಾ ಹೈಕ್ರಾಸ್ 1.85ಕ್ಕೆ. ಹಳೆಯದಕ್ಕಿಂತ ಹೊಸದು ಇಕ್ಕಟ್ಟಾಯಿತು ಎಂದು ಗಿರಾಕಿ ಹೇಳಬಾರದಲ್ಲ!

ಒಳಗೆ ಕೂತವರ ಸುರಕ್ಷತೆ ಹೊರಗಿನವರಿಗೆ ದಕ್ಕುವುದಿಲ್ಲ. ಎತ್ತರದ ಗಾಡಿಯೊಂದರಲ್ಲಿ ಚಾಲಕನ ಕಣ್ಣು ನೆಲದಿಂದ 1.6 ಮೀಟರ್ ಮೇಲಿದೆ, ಎರಡು ಮೀಟರ್ ಮುಂದಿರುವ ಬಾನೆಟ್ ಅಂಚು 1.1 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ದೃಷ್ಟಿರೇಖೆ ಮೀಟರಿಗೆ 25 ಸೆಂಟಿಮೀಟರಿನಂತೆ ಇಳಿಯುತ್ತದೆ. 85 ಸೆಂಟಿಮೀಟರ್ ಎತ್ತರದ, ಅಂದರೆ ಎರಡು ವರ್ಷದ ಮಗು, ಗಾಡಿಯ ಮುಂದೆ ಒಂದು ಮೀಟರ್ ಒಳಗೆ ನಿಂತರೆ ತಲೆಯೂ ಕಾಣದು. ಬಾನೆಟ್ ಅಂಚು ಮಗುವಿನ ತಲೆಗಿಂತ ಕೆಳಗಿರುವ ತಗ್ಗು ಕಾರಿನಲ್ಲಿ ಈ ಮರೆ ಇರುವುದಿಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಕಂಡುಕೊಂಡದ್ದು: ಸುಮಾರು ಒಂದು ಮೀಟರಿಗಿಂತ ಎತ್ತರದ ಬಾನೆಟ್ ಬಡಿದಾಗ ಪಾದಚಾರಿ ಸಾಯುವ ಸಂಭವ, ತಗ್ಗಾಗಿ ಇಳಿಜಾರಾದ ಬಾನೆಟ್‌ಗಿಂತ ಸುಮಾರು ಶೇ 45 ಹೆಚ್ಚು. ತಗ್ಗು ಮೂತಿ ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ ಮೇಲೆ ಕೆಡವುತ್ತದೆ. ಎತ್ತರದ ಗೋಡೆಮೂತಿ ಎದೆಗೆ, ತಲೆಗೆ ಬಡಿದು ಮುಂದಕ್ಕೆ ಉರುಳಿಸುತ್ತದೆ.

ಕಾರು ಹಿಗ್ಗುತ್ತಿರುವುದು ನಮ್ಮೊಬ್ಬರ ಪಾಡಲ್ಲ. ಯುರೋಪಿನಲ್ಲಿ ಹೊಸ ಕಾರುಗಳ ಸರಾಸರಿ ಅಗಲ ಎರಡು ವರ್ಷಕ್ಕೊಂದು ಸೆಂಟಿಮೀಟರಿನಂತೆ ಏರಿ 2023ರಲ್ಲಿ 1.80 ಮೀಟರ್ ಮುಟ್ಟಿತು. ಪ್ಯಾರಿಸ್ 2024ರ ಅಕ್ಟೋಬರಿನಿಂದ ಹೊರಗಿನವರ ಭಾರಿ ಕಾರುಗಳಿಗೆ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿದೆ. ಜಪಾನ್ ಮಾತ್ರ ಬಹಳ ಹಿಂದೆಯೇ ಎಚ್ಚೆತ್ತಿತ್ತು. ಅಲ್ಲಿನ ‘ಕೇ’ ವರ್ಗದ ಕಾರು ತೆರಿಗೆ ರಿಯಾಯಿತಿ ಪಡೆಯಬೇಕಾದರೆ ಉದ್ದ 3.4 ಮೀಟರ್, ಅಗಲ 1.48, ಎತ್ತರ 2 ಮೀಟರ್ ಮೀರುವಂತಿಲ್ಲ. ಮೂರೂ ದಿಕ್ಕಿಗೆ ಬೇಲಿ. ನಮ್ಮ ಮಾರುತಿ 800 ಹುಟ್ಟಿದ್ದೇ ಆ ವರ್ಗದ ಸುಜುಕಿ ಕಾರಿನಿಂದ.

ನಮ್ಮ ಸಣ್ಣ ಕಾರಿನ ವ್ಯಾಖ್ಯೆಗೂ ಅಗಲ, ಬಾನೆಟ್ ಎತ್ತರ ಸೇರಲಿ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಈಗ ಕಾರಿನ ಬೆಲೆ ನೋಡಿ ಬೀಳುತ್ತದೆ. ಕಾರು ಹಿಡಿಯುವ ಜಾಗಕ್ಕೆ ಬೆಲೆ ಕಟ್ಟಿಲ್ಲ. ಎಲ್ಲರ ತೆರಿಗೆಯಿಂದ ಹಾಕಿದ ಡಾಂಬರಿನಲ್ಲಿ ಒಬ್ಬರು ಒಂದೂವರೆ ಅಡಿ ಹೆಚ್ಚು ಬಳಸುವುದಾದರೆ ಅದರ ಬಾಡಿಗೆಯನ್ನು ಅವರೇ ಕೊಡಬೇಕು.